ಊಟ ಆಯ್ತಾ ಅಂಕಲ್?

ಬೆಂಗಳೂರಂಚಿನ ಉಲ್ಲಾಳದ ಕೆಂಪಯ್ಯ ಶ್ರೀಮಂತನಾದದ್ದು ಒಂದು ಗುರುವಾರ ಬೆಳಗ್ಗೆ, ಇನ್ನೂ ಹಲ್ಲುಜ್ಜುವ ಮೊದಲೇ. ಹಾಸಿಗೆಯಲ್ಲೇ ಎದ್ದು ಕೂತು ಮೊಬೈಲು ತೆರೆದ. ಹಸಿರು ಅಂಕಿಯಲ್ಲಿ ಹನ್ನೊಂದು ಲಕ್ಷದ ನಲವತ್ತಮೂರು ಸಾವಿರ ಎಂದಿತ್ತು. ಹಿಂದಿನ ರಾತ್ರಿ ಮಲಗುವಾಗ ಅದು ಹತ್ತು ಲಕ್ಷದ ಎಂಬತ್ತು ಸಾವಿರವಿತ್ತು. ಅಂದರೆ ಗೊರಕೆ ಹೊಡೆಯುತ್ತಿದ್ದ ಏಳು ಗಂಟೆಯಲ್ಲಿ ಅವನು ಅರವತ್ತಮೂರು ಸಾವಿರ ದುಡಿದಿದ್ದ. ಗೊರಕೆಗೆ ಇಷ್ಟು ಕೂಲಿ ಕೊಟ್ಟ ಧಣಿ ಉಲ್ಲಾಳದಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ.

ಹಾಗೆ ನೋಡಿದರೆ ಕೆಂಪಯ್ಯ ಮೊದಲೂ ಬಡವನೇನಲ್ಲ. ಅಪ್ಪನ ಕಾಲದ ರಾಗಿ ಹೊಲವೆಲ್ಲ ಲೇಔಟಾಗಿ ಹೋದ ಮೇಲೆ ಉಳಿದ ಒಂದು ಸೈಟಿನಲ್ಲಿ ಮೂರಂತಸ್ತಿನ ಕಟ್ಟಡ ಎಬ್ಬಿಸಿದ್ದ. ಮೇಲಿನ ಐದು ಪೋರ್ಷನ್‌ಗಳಲ್ಲಿ ಜನ ಇದ್ದರು, ಕೆಳಗೆ ಅವನೂ ಹೆಂಡತಿ ಮುನಿತಾಯಮ್ಮನೂ ಇದ್ದರು. ಆದರೆ ಆ ಆಸ್ತಿಗೆ ಒಂದು ಐಬಿತ್ತು. ರಾತ್ರಿ ಎಲ್ಲಿ ನಿಂತಿತ್ತೋ ಬೆಳಗ್ಗೆಯೂ ಅಲ್ಲೇ ನಿಂತಿರುತ್ತಿತ್ತು. ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದ್ದದ್ದು ಬಣ್ಣ ಮಾತ್ರ, ಅದೂ ಕೆಟ್ಟದ್ದಕ್ಕೆ. ಮೊಬೈಲಿನೊಳಗಿನ ಆಸ್ತಿ ಹಾಗಲ್ಲ. ಅದು ಬಸುರಿಯ ಹೊಟ್ಟೆಯಂತೆ ನೋಡನೋಡುತ್ತ ಬೆಳೆಯುತ್ತಿತ್ತು.

"ಲೇ ಇವಳೇ, ರಾತ್ರಿ ಅರವತ್ತಮೂರು ಸಾವ್ರ ಬಂತು ಕಣೇ" ಎಂದು ಅಡುಗೆಮನೆಯ ಕಡೆಗೆ ಕೂಗಿದ.

ಅಡುಗೆಮನೆಯಿಂದ ಒಂದು ಪಾತ್ರೆ ಇನ್ನೊಂದು ಪಾತ್ರೆಯ ಮೇಲೆ ಕೂತ ಸದ್ದು ಬಂತು, ಅಷ್ಟೇ.

ಮುನಿತಾಯಮ್ಮ ಮಾತಾಡದಿರುವುದು ಹೊಸದಲ್ಲ. ಮಗಳು ಕೀರ್ತನಾ ಮದುವೆಯಾಗಿ ಮೈಸೂರಿಗೆ ಹೋದಂದಿನಿಂದ ಆ ಮನೆಯಲ್ಲಿ ಮಾತಿನ ಖರ್ಚು ಇಳಿದಿತ್ತು. ಹಾಲು ಬಂತು, ಗ್ಯಾಸು ಮುಗೀತು, ಮೋಟರು ಆಫ್ ಮಾಡಿ, ಇಷ್ಟರಲ್ಲಿ ಒಂದು ದಿನ ಸಾಗುತ್ತಿತ್ತು. ಅದು ಜಗಳವಲ್ಲ. ಮೂವತ್ತೆಂಟು ವರ್ಷ ಒಟ್ಟಿಗಿದ್ದವರಿಗೆ ಹೇಳುವುದು ಮುಗಿದಿತ್ತೋ, ಅಥವಾ ಹೇಳಬೇಕಾದದ್ದನ್ನು ಯಾವತ್ತೂ ಶುರು ಮಾಡಿರಲಿಲ್ಲವೋ, ಅದನ್ನು ತೆಗೆದು ನೋಡುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಕೆಂಪಯ್ಯ ಆ ಮೌನಕ್ಕೆ ಹೊಂದಿಕೊಂಡಿದ್ದ. ಹಾಗೆಂದು ಅವನೇ ಅಂದುಕೊಂಡಿದ್ದ.

ಆ ಮೌನದೊಳಕ್ಕೆ ನಾಲ್ಕು ತಿಂಗಳ ಹಿಂದೆ ರಂಜಿನಿ ಬಂದಳು.

ಕರೆತಂದವನು ಸೀನ. ಚಿಕ್ಕಂದಿನ ಜೊತೆಗಾರ, ಈಗ ಸೈಟ್ ಬ್ರೋಕರ್. "ಕೆಂಪಣ್ಣ, ಪರುಷ ಕಾಯಿನ್ ಅಂತ ಒಂದು ಬಂದದೆ. ಕಣ್ಗೆ ಕಾಣಲ್ಲ, ಕೈಗೆ ಸಿಗಲ್ಲ. ಅದೇ ಅದ್ರ ಗಮ್ಮತ್ತು" ಎಂದು ಹೇಳಿ ಅವನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟ. ಐವತ್ತು ಸಾವಿರ ಹಾಕಿದ ವಾರಕ್ಕೆ ಐದು ಸಾವಿರ ಲಾಭವನ್ನು ಕೈಗೇ ತೆಗೆದುಕೊಂಡಾಗ ಕೆಂಪಯ್ಯನ ಕೊನೆಯ ಅನುಮಾನವೂ ಸತ್ತುಹೋಯಿತು. ಆ ದುಡ್ಡಲ್ಲಿ ಅವನು ಒಂದು ಕೂಲಿಂಗ್ ಗ್ಲಾಸ್ ಕೊಂಡ. ಆಮೇಲೆ ಕಟ್ಟಡಕ್ಕೆ ಬಣ್ಣ ಹೊಡೆಸಲು ಬೀರುವಿನಲ್ಲಿಟ್ಟಿದ್ದ ಮೂರು ಲಕ್ಷವನ್ನೂ ನಗದಾಗಿ ಸೀನನ ಕೈಗೆ ಕೊಟ್ಟ. ಸೀನ ತನ್ನ ಖಾತೆಯಿಂದ ಕಳಿಸಿದ. ಯಾರಿಗೆ ಕಳಿಸಿದ ಎಂದು ಕೆಂಪಯ್ಯ ಕೇಳಲಿಲ್ಲ. ಸೀನ ಹೇಳಲೂ ಇಲ್ಲ.

ರಂಜಿನಿ ಆ ಪರುಷ ಕಾಯಿನ್‌ನವರ ರಿಲೇಷನ್‌ಶಿಪ್ ಮ್ಯಾನೇಜರ್. ಫೋಟೋದಲ್ಲಿ ಕೋಟು ಹಾಕಿಕೊಂಡು, ಇದ್ದಷ್ಟೂ ಹಲ್ಲು ತೋರಿಸುತ್ತ ನಿಂತಿದ್ದಳು. ದಿನಾ ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಅವಳಿಂದ ಮೆಸೇಜು ಬರುತ್ತಿತ್ತು: "ಊಟ ಆಯ್ತಾ ಅಂಕಲ್?"

ಮೊದಮೊದಲು ಕೆಂಪಯ್ಯ "ಆಯ್ತು ಕಣಮ್ಮ" ಎಂದಷ್ಟೇ ಉತ್ತರಿಸಿದ. ಆಮೇಲೆ ಏನು ಊಟ ಎಂದೂ ಹೇಳತೊಡಗಿದ. ಅವರೆಕಾಳು ಸಾರು ಎಂದರೆ ಅವಳು ನಾಲಿಗೆ ಚಾಚಿದ ಮುಖದ ಚಿತ್ರ ಕಳಿಸುತ್ತಿದ್ದಳು. ಒಂದು ದಿನ ಮಂಡಿನೋವಿನ ವಿಷಯ ಹೇಳಿದ. "ಹುಷಾರು ಅಂಕಲ್, ಮೆಟ್ಟಿಲು ಹತ್ತಬೇಡಿ" ಎಂದು ಅವಳ ದನಿಯಲ್ಲೇ ಉತ್ತರ ಬಂತು. ಆ ಏಳು ಸೆಕೆಂಡಿನ ದನಿಯನ್ನು ಅವನು ನೀರಿನ ಟ್ಯಾಂಕಿನ ಪಕ್ಕ ನಿಂತು ಹನ್ನೊಂದು ಸಲ ಕೇಳಿದ. ಅಂದರೆ ಅದಕ್ಕಾಗಿ ಮೂರು ಮಹಡಿ ಹತ್ತಿದ್ದ.

ಆ ಗುರುವಾರ ಅವಳು ಫೋನೇ ಮಾಡಿದಳು. "ಅಂಕಲ್, ನಿಮಗೋಸ್ಕರ ನಾನು ಮೇಲಿನವರ ಹತ್ರ ಜಗಳ ಆಡಿ ಒಂದು ಡೈಮಂಡ್ ಸೀಟ್ ಇಟ್ಟಿದೀನಿ. ಶನಿವಾರ ಸಂಜೆ ಆರು ಗಂಟೆ ಒಳಗೆ ಎಂಟು ಲಕ್ಷ. ಸೋಮವಾರ ಬೆಳಗ್ಗೆ ಇಪ್ಪತ್ನಾಲ್ಕು."

ಎಂಟು ಲಕ್ಷ. ಸರಿಯಾಗಿ ಅಷ್ಟೇ ದುಡ್ಡು ಬುಧವಾರ ತಾನೇ ಕೆಂಪಯ್ಯನ ಬ್ಯಾಂಕ್ ಖಾತೆಗೆ ಬಂದು ಕೂತಿತ್ತು. ಬಂದ ಸುದ್ದಿಯನ್ನು ರಂಜಿನಿಗೆ ಹೇಳಿದವನೂ ಅವನೇ, ಊಟದ ವಿಷಯ ಮಾತಾಡುತ್ತ. ಆದರೆ ದುಡ್ಡು ಮಾತ್ರ ಅವನದಾಗಿರಲಿಲ್ಲ.

ಅದು ಭೋಗ್ಯದ ದುಡ್ಡು. ಎರಡನೇ ಮಹಡಿಯ ಗುರುದೇವಿ ಮೂರು ವರ್ಷದ ಹಿಂದೆ ಎಂಟು ಲಕ್ಷ ಕೊಟ್ಟು ಭೋಗ್ಯಕ್ಕೆ ಬಂದಿದ್ದಳು. ಬಾಡಿಗೆ ಇಲ್ಲ. ಬಿಡುವಾಗ ಅಷ್ಟೂ ದುಡ್ಡು ವಾಪಸ್ಸು. ಜಮಖಂಡಿ ಕಡೆಯವಳು, ಗಂಡನಿಲ್ಲ. ನಾಗರಬಾವಿಯಲ್ಲಿ ಲಾ ಕಾಲೇಜಿನ ಹುಡುಗರಿಗೆ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದಳು. ಈಗ ಅಲ್ಲೇ ಕಾಲೇಜಿನ ಎದುರು ಒಂದು ಅಂಗಡಿ, ಅದರ ಮೇಲೆ ಒಂದು ಮನೆ ನೋಡಿದ್ದಳು. ಅದರ ಅಡ್ವಾನ್ಸ್ ಸೋಮವಾರ ಕಟ್ಟಬೇಕಿತ್ತು. ಅವಳ ಜಾಗಕ್ಕೆ ಒಂದನೇ ತಾರೀಕು ಬರಲಿರುವ ಬಸವೇಶ್ವರನಗರದ ಪದ್ಮನಾಭ ಎನ್ನುವವರು ತಮ್ಮ ಎಂಟು ಲಕ್ಷವನ್ನು ಮೊದಲೇ ಕೊಟ್ಟಿದ್ದರು. ಹೊಸಬರು ತಂದದ್ದನ್ನು ಹಳಬರಿಗೆ ಎತ್ತಿಕೊಡುವುದು, ಈ ಊರಿನಲ್ಲಿ ಭೋಗ್ಯ ನಡೆಯುವುದೇ ಹಾಗೆ. ದುಡ್ಡು ಓನರ್ ಮನೆಗೆ ನೆಂಟರ ಹಾಗೆ ಬಂದು, ಕಾಫಿ ಕುಡಿದು, ಹೊರಟು ಹೋಗುತ್ತದೆ.

ಈ ಸಲ ನೆಂಟರು ಇನ್ನೂ ನಾಲ್ಕು ದಿನ ಉಳಿಯಲಿದ್ದರು. ಆ ನಾಲ್ಕು ದಿನದಲ್ಲಿ ಅವರನ್ನು ಒಂದಿಷ್ಟು ದುಡಿಸಿಕೊಂಡರೆ ತಪ್ಪೇನು ಎಂದು ಕೆಂಪಯ್ಯನಿಗೆ ಅನ್ನಿಸಿತು. ಶನಿವಾರ ಎಂಟು ಹಾಕಿದರೆ ಸೋಮವಾರ ಇಪ್ಪತ್ನಾಲ್ಕು. ಗುರುದೇವಿಗೆ ಎಂಟು ಕೊಟ್ಟು ಕೈಮುಗಿದರೆ ಹದಿನಾರು ಉಳಿಯಿತು. ಬಣ್ಣ ಏನು, ಕಟ್ಟಡಕ್ಕೆ ಕನ್ನಡಿಯನ್ನೇ ಅಂಟಿಸಬಹುದು.

ಶುಕ್ರವಾರ ಬೆಳಗ್ಗೆ ಗುರುದೇವಿಯೇ ಇಳಿದು ಬಂದಳು, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಕೆಂಪಯ್ಯ ಕಾಂಪೌಂಡಿನೊಳಗಿನ ಕಲ್ಲುಬೆಂಚಿನ ಮೇಲೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತಿದ್ದ. ಆ ಜಾಗಕ್ಕೆ ಬಿಸಿಲು ಬೀಳುತ್ತಿರಲಿಲ್ಲ.

"ಮಾಲಕ್ರ, ಸೋಮವಾರ ಹನ್ನೊಂದಕ್ಕ ನಾ ಅಂಗಡಿ ಅಡ್ವಾನ್ಸ್ ಕೊಡಬೇಕ್ರಿ. ಹತ್ತಕ್ಕ ಬ್ಯಾಂಕಿಗೆ ಹೋಗೂಣ್ರಿ. ತಪ್ಪಿದ್ರ ಅಂವ ಯಾರೋ ಮೋಮೋ ಮಾಡಾವರಿಗೆ ಕೊಟ್ಟ ಬಿಡ್ತಾನಂತ."

"ಗುರುದೇವಮ್ಮ, ಅರ್ಜೆಂಟ್ ಯಾಕಮ್ಮಾ? ಒಂದು ವಾರ ತಡ್ಕೊ. ಎಂಟಲ್ಲ, ಒಂಬತ್ತು ಕೊಡ್ತೀನಿ."

ಗುರುದೇವಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. ಮಾಲೀಕರು ಕೊಡಬೇಕಾದದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಎಂದದ್ದನ್ನು ಅವಳು ಬೆಂಗಳೂರಿಗೆ ಬಂದ ಮೇಲೆ ಕೇಳಿದ್ದು ಇದೇ ಮೊದಲು.

"ಯಾಕ್ರಿ, ಆರಾಮ ಅದೀರಿಲ್ಲೋ?"

ಕೆಂಪಯ್ಯನಿಗೆ ನಾಲ್ಕು ತಿಂಗಳಿಂದ ಯಾರಿಗಾದರೂ ಹೇಳಬೇಕೆಂದು ಬಾಯಿ ತುರಿಸುತ್ತಿತ್ತು. ಎಲ್ಲವನ್ನೂ ಹೇಳಿದ. ಕಾಯಿನ್ನು, ಡೈಮಂಡು, ಗೊರಕೆಯ ಕೂಲಿ ಎಲ್ಲವನ್ನೂ. "ಏನಿಲ್ಲ ಕಣಮ್ಮ, ನಮ್ ಭೋಗ್ಯ ಇದ್ದಂಗೇ. ದುಡ್ಡು ಕೊಡ್ತೀವಿ, ಟೈಮ್ ಆದ್ಮೇಲೆ ವಾಪಸ್ ಬತ್ತದೆ. ಇದ್ರಲ್ಲಿ ಮರಿ ಹಾಕೊಂಡು ಬತ್ತದೆ, ಅಷ್ಟೇ ಯತ್ವಾಸ" ಎಂದು ಮುಗಿಸಿದ.

"ಭೋಗ್ಯ ಇದ್ದಂಗ ಹೆಂಗ ಆಕ್ಕೈತ್ರಿ?" ಎಂದಳು ಗುರುದೇವಿ. "ನಾ ನಿಮಗ ಎಂಟ ಲಕ್ಷ ಕೊಟ್ಟಾಗ ನಿಮ್ಮ ಮನಿ ಕೀಲಿ ನನ್ನ ಕೈಯಾಗ ಬಂತು. ರೊಕ್ಕ ಬರೂಮಟ ನಾ ಹೊರಗ ಬರಂಗಿಲ್ಲ. ನೀವು ಅವರಿಗೆ ಕೊಟ್ಟಾಗ ನಿಮ್ಮ ಕೈಯಾಗ ಏನ ಬಂತ್ರಿ?"

ಕೆಂಪಯ್ಯ ಸ್ವಲ್ಪ ಯೋಚಿಸಿದ. "ಪಾಸ್‌ವರ್ಡು" ಎಂದ.

"ಹಂಗಾರ ಒಂದ ಕೆಲಸ ಮಾಡ್ರಿ. ಅದರಾಗಿಂದ ಒಂದ ಹತ್ತ ಸಾವಿರ ಈಗ ತಗದ ತೋರಸ್ರಿ. ನಾ ಸುಮ್ನ ಆಕ್ಕೀನಿ."

"ಹತ್ತೇನು, ಐವತ್ತೇ ತೆಗೀತೀನಿ ನೋಡು" ಎಂದು ಕೆಂಪಯ್ಯ ಆ್ಯಪ್ ತೆರೆದು, ಐವತ್ತು ಸಾವಿರ ಎಂದು ಒತ್ತಿ, ಗುಂಡಿ ಅದುಮಿದ. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ಆಮೇಲೆ ಕೆಂಪು ಅಕ್ಷರ ಬಂತು. ನಿಮ್ಮ ಒಟ್ಟು ಮೊತ್ತ ಹನ್ನೊಂದು ಲಕ್ಷದ ಅರವತ್ತು ಸಾವಿರ. ಹಣ ತೆಗೆಯುವ ಮೊದಲು ಶೇಕಡಾ ಇಪ್ಪತ್ತರಂತೆ ಎರಡು ಲಕ್ಷದ ಮೂವತ್ತೆರಡು ಸಾವಿರ ತೆರಿಗೆ ಕಟ್ಟತಕ್ಕದ್ದು.

"ಟ್ಯಾಕ್ಸು" ಎಂದ ಕೆಂಪಯ್ಯ, ಅದೂ ಒಂದು ಅಂತಸ್ತು ಎನ್ನುವ ಹಾಗೆ. "ದೊಡ್ಡ ದುಡ್ಡು ಅಂದ್ಮೇಲೆ ಗೌರ್ಮೆಂಟ್ ಬಿಡ್ತದಾ?"

"ಒಳಗ ಹನ್ನೊಂದ ಲಕ್ಷ ಐತಿ ಅಂತೀರಿ. ಅದರಾಗಿಂದನ ಮುರಕೊಳ್ಳಿ ಅನ್ರಿ. ನೀವು ಮನಿ ಬಿಡೋರ ಅಡ್ವಾನ್ಸಿನ್ಯಾಗ ಪೇಂಟಿಂಗ್ ಚಾರ್ಜ್ ಮುರಕೋತೀರಿಲ್ಲೋ? ಮೊದಲ ಹೊರಗಿಂದ ಪೇಂಟಿಂಗ್ ರೊಕ್ಕ ತಂದ ಕೊಡು, ಆಮ್ಯಾಲೆ ನಿನ್ನ ಅಡ್ವಾನ್ಸ್ ಕೊಡ್ತೀನಿ ಅಂತ ಯಾವತ್ತರ ಅಂದೀರೇನ್ರಿ?"

ಕೆಂಪಯ್ಯ ಅಂದಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಪೇಂಟಿಂಗ್ ಚಾರ್ಜು ಮುರಿದುಕೊಳ್ಳದೆ ಬಿಟ್ಟ ಬಾಡಿಗೆದಾರ ಒಬ್ಬನೂ ಇರಲಿಲ್ಲ, ಪೇಂಟು ಹೊಡೆಸಿದ್ದು ಮಾತ್ರ ಎರಡೇ ಸಲ. ಮುರಿದುಕೊಳ್ಳುವ ವಿದ್ಯೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಆ ಪ್ರಶ್ನೆ ನೇರವಾಗಿ ಹೋಗಿ ಎಲ್ಲೋ ಒಳಗೆ ಕೂತಿತು. ಕೂತದ್ದನ್ನು ಎಬ್ಬಿಸಲು ಅವನು ಅಲ್ಲೇ ರಂಜಿನಿಗೆ ಫೋನು ಮಾಡಿದ.

"ಅಯ್ಯೋ ಅಂಕಲ್, ನೀವು ಡೈಮಂಡ್ ಆಗಿಬಿಟ್ರೆ ಟ್ಯಾಕ್ಸೇ ಇಲ್ಲ" ಎಂದಿತು ಆ ದನಿ. "ನಾಳೆ ಆರು ಗಂಟೆ ಒಳಗೆ. ಯಾರಿಗೂ ಹೇಳಬೇಡಿ ಅಂಕಲ್, ಕಣ್ಣು ಬೀಳುತ್ತೆ. ತಿಂಡಿ ಆಯ್ತಾ?"

"ಕೇಳಿಸ್ಕೊಂಡ್ಯಾ? ಟ್ಯಾಕ್ಸೇ ಇಲ್ವಂತೆ" ಎಂದ ಕೆಂಪಯ್ಯ, ಫೋನಿಟ್ಟು.

ಗುರುದೇವಿ ನಗಲಿಲ್ಲ. "ಸೋಮವಾರ ಹತ್ತಕ್ಕ ನನ್ನ ಎಂಟ ಲಕ್ಷ ನನ್ನ ಕೈಯಾಗ ಇರಬೇಕ್ರಿ. ಇರಲಿಲ್ಲಂದ್ರ ನನ್ನ ಅಂಗಡಿ ಹೊಕ್ಕೈತಿ. ಆದ್ರ ನಾ ಹೋಗಂಗಿಲ್ಲ. ಒಂದನೇ ತಾರೀಕಿಗೆ ನಿಮ್ಮ ಪದ್ಮನಾಭ ಸಾಹೇಬ್ರು ಲಾರಿ ತಗೊಂಡ ಬರ್ತಾರಲ್ರಿ, ಅವರಿಗೆ ನೀರಿನ ಟಾಕಿ ಕೆಳಗ ಚಾಪಿ ಹಾಸಿ ಕೊಡ್ರಿ" ಎಂದು ಹೇಳಿ ಮೆಟ್ಟಿಲು ಹತ್ತಿದಳು. ಎರಡು ಮೆಟ್ಟಿಲು ಹತ್ತಿದವಳು ಮತ್ತೆ ಇಳಿದು, ಚಟ್ನಿ ಡಬ್ಬಿಯನ್ನು ಎತ್ತಿಕೊಂಡು ಒಳಗೆ ಹೋಗಿ ಮುನಿತಾಯಮ್ಮನ ಕೈಗೆ ಕೊಟ್ಟು ಬಂದಳು. ಒಳಗೆ ಅವರಿಬ್ಬರೂ ಏನು ಮಾತಾಡಿದರೋ ಕೆಂಪಯ್ಯನಿಗೆ ಕೇಳಿಸಲಿಲ್ಲ. ಹೆಂಡತಿ ಮಾತಾಡಿರಲಿಕ್ಕಿಲ್ಲ ಎಂದುಕೊಂಡ.

ಶನಿವಾರ ಸಂಜೆ ಐದೂಕಾಲಿಗೆ ಅವನು ಅದೇ ಬೆಂಚಿನ ಮೇಲೆ ಕೂತ. ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಸೀನ ಹಿಂದಿನ ದಿನವೇ ಬಂದು ಮೊಬೈಲಿನಲ್ಲೇ ದುಡ್ಡು ಕಳಿಸುವ ದಾರಿ ತೋರಿಸಿ ಹೋಗಿದ್ದ. ರಂಜಿನಿ ಲೈನಿನಲ್ಲಿದ್ದು ಒಂದೊಂದೇ ಅಂಕಿ ಹೇಳಿದಳು, ಇವನು ಒಂದೊಂದೇ ಒತ್ತಿದ. ಖಾತೆಯ ಹೆಸರು ಬಂದಾಗ ಕೈ ಒಮ್ಮೆ ನಿಂತಿತು. ಅದು ಯಾವುದೋ ಊರಿನ ಮೀನಿನ ಆಹಾರದ ಅಂಗಡಿಯ ಹೆಸರು.

"ಇದೇನಮ್ಮ, ಮೀನಿನ ಆಹಾರ ಅಂತದೆ?"

"ಅದು ನಮ್ಮ ಪಾರ್ಟ್ನರ್ ಕಂಪನಿ ಅಂಕಲ್. ಒತ್ತಿ ಬೇಗ."

ಒತ್ತಿದ. ಆರು ಅಂಕಿಯ ಗುಟ್ಟಿನ ನಂಬರು ಬರಬೇಕಿತ್ತು. ಬಂತು ಕೂಡ. ಆದರೆ ಅವನ ಮೊಬೈಲಿಗಲ್ಲ. ಖಾತೆ ಇಬ್ಬರ ಹೆಸರಿನಲ್ಲಿತ್ತು. ಅದನ್ನು ತೆರೆದ ಕಾಲದಲ್ಲಿ ಆ ಮನೆಯಲ್ಲಿ ಮೊಬೈಲು ಇದ್ದದ್ದು ಹಾಲಿನ ಲೆಕ್ಕ ನೋಡುತ್ತಿದ್ದ ಮುನಿತಾಯಮ್ಮನ ಬಳಿ ಮಾತ್ರ. ಅಡುಗೆಮನೆಯೊಳಗೆ ಅವಳ ಹಳೆಯ ಫೋನು ಟಿಂಗ್ ಎಂದಿತು.

"ಲೇ, ನಿನ್ ಫೋನ್‌ಗೆ ಆರು ನಂಬರ್ ಬಂದಿರ್ತದೆ. ಓದು" ಎಂದು ಕೂಗಿದ.

ಮುನಿತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೆಟ್ಟಿಲ ತಿರುವಿನಲ್ಲಿ ಗುರುದೇವಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಯಾವ ದುಡ್ಡು?" ಎಂದಳು ಮುನಿತಾಯಮ್ಮ.

ಕೆಂಪಯ್ಯ ಕೂಲಿಂಗ್ ಗ್ಲಾಸನ್ನು ಮೂಗಿನ ಮೇಲೆ ಸರಿಪಡಿಸಿಕೊಂಡ.

"ಅಂಕಲ್, ಓಟಿಪಿ ಬಂತಾ? ಬೇಗ ಅಂಕಲ್, ಸೀಟ್ ಹೋಗುತ್ತೆ" ಎಂದಿತು ಫೋನು.

"ಕೊಡಿ ಇಲ್ಲಿ" ಎಂದು ಮುನಿತಾಯಮ್ಮ ಕೈ ಚಾಚಿದಳು. ನಂಬರನ್ನು ತಾನೇ ಹೇಳುತ್ತಾಳೇನೋ ಎಂದು ಕೆಂಪಯ್ಯ ಫೋನು ಕೊಟ್ಟ. ಗುರುದೇವಿ ಸರಸರ ಇಳಿದು ಬಂದು ಸ್ಪೀಕರಿನ ಗುಂಡಿ ಒತ್ತಿದಳು. ಮುನಿತಾಯಮ್ಮ ಫೋನನ್ನು ಕಲ್ಲುಬೆಂಚಿನ ಮಧ್ಯದಲ್ಲಿ, ಎಲೆಯಡಿಕೆಯ ತಟ್ಟೆ ಇಡುವ ಹಾಗೆ ಇಟ್ಟು, ಪಕ್ಕದಲ್ಲಿ ಕೂತಳು. ಗಂಡನಿಗೆ ಬೆರಳಿನಲ್ಲೇ ಸುಮ್ಮನಿರಲು ಹೇಳಿದಳು.

ಆ ಬೆಂಚಿಗೆ ಒಂದು ಚರಿತ್ರೆ ಇತ್ತು. ಲೇಔಟುಗಳು ಬರುತ್ತಿದ್ದ ಕಾಲದಲ್ಲಿ ಬ್ರೋಕರುಗಳು ಹೊಲ ಕೇಳಲು ಬಂದು ಅದರ ಮೇಲೇ ಕೂರುತ್ತಿದ್ದರು. ಕೆಂಪಯ್ಯನ ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ಬ್ರೋಕರು ಒಂದು ರೇಟು ಹೇಳುವುದು, ಮುದುಕ ರಸ್ತೆ ನೋಡುವುದು, ಬ್ರೋಕರು ತಡೆಯಲಾರದೆ ತಾನೇ ರೇಟು ಏರಿಸುವುದು. ಕೊನೆಗೆ, ಯಾರೂ ಕೇಳದಿದ್ದರೂ, ಹೊಲಕ್ಕೆ ಮುಂದೆ ರಸ್ತೆ ಬರುವ ಗುಟ್ಟನ್ನೂ ಬಾಯಿಬಿಡುವುದು. ಮಗ ಕೆಂಪಯ್ಯ ಆಗೆಲ್ಲ ಪಟಪಟ ಮಾತಾಡಿ ಅಪ್ಪನಿಂದ ಬೈಸಿಕೊಂಡು ಒಳಗೆ ಹೋಗುತ್ತಿದ್ದ. ಕಾಫಿ ತಂದಿಟ್ಟು ಬಾಗಿಲ ಹಿಂದೆ ನಿಂತು ಎಲ್ಲ ನೋಡುತ್ತಿದ್ದವಳು ಹೊಸ ಸೊಸೆ.

"ಹಲೋ? ಅಂಕಲ್?" ಎಂದಳು ರಂಜಿನಿ.

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು.

"ಅಂಕಲ್, ಕೇಳಿಸ್ತಾ ಇದ್ಯಾ? ಸರಿ, ನಿಮಗೋಸ್ಕರ ಮೂರು ಪಟ್ಟಲ್ಲ, ನಾಲ್ಕು ಪಟ್ಟು ಮಾಡಿಸ್ತೀನಿ. ಓಟಿಪಿ ಹೇಳಿ."

ಮುನಿತಾಯಮ್ಮ ರಸ್ತೆ ನೋಡುತ್ತಿದ್ದಳು. ಕೆಂಪಯ್ಯನ ಬಾಯಿ ತೆರೆಯಿತು. ನಾಲ್ಕು ಪಟ್ಟು! ಅವನ ಮಂಡಿಯ ಮೇಲೆ ಹೆಂಡತಿಯ ಕೈ ಬಂದು ಕೂತಿತು. ನೋವಿದ್ದ ಮಂಡಿಯೇ.

"ಅಂಕಲ್, ಐದು ಪಟ್ಟು. ಇದೇ ಲಾಸ್ಟು." ಮೌನ. "ನೋಡಿ, ಹೀಗೆ ಅರ್ಧಕ್ಕೆ ಬಿಟ್ರೆ ನಿಮ್ಮ ಅಕೌಂಟ್ ಲಾಕ್ ಆಗುತ್ತೆ. ಕೇಸ್ ಆಗುತ್ತೆ. ಮನೆಗೆ ಪೊಲೀಸ್ ಬರ್ತಾರೆ, ಗೊತ್ತಾ?" ಮೌನ. ಅವಳು ಎಷ್ಟು ಹೇಳಿದರೂ ಆ ಮೌನ ತುಂಬಲಿಲ್ಲ. ಆಮೇಲೆ ಅವಳೂ ಸುಮ್ಮನಾದಳು.

ಅವಳು ಸುಮ್ಮನಾದ ಮೇಲೆ ಅವಳ ಹಿಂದಿದ್ದದ್ದು ಕೇಳಿಸಿತು.

ಅದೊಂದು ದೊಡ್ಡ ಕೋಣೆಯಿರಬೇಕು. ಎಲ್ಲೋ ಒಂದು ಫ್ಯಾನು ಕಿರುಗುಟ್ಟುತ್ತಿತ್ತು. ಒಬ್ಬ ಹುಡುಗ ಹೇಳುತ್ತಿದ್ದ, "ಕಾಫಿ ಆಯ್ತಾ ಅಂಕಲ್?" ಅವನಾಚೆ ಒಬ್ಬಳು, "ಮಾತ್ರೆ ತಗೊಂಡ್ರಾ ಆಂಟಿ?" ಇನ್ನೂ ದೂರದಲ್ಲಿ ಯಾರೋ ತೆಲುಗಿನಲ್ಲಿ, "ಭೋಜನಂ ಅಯಿಂದಾ ಅಂಕುಲ್?" ಎಲ್ಲ ಒಂದೇ ರಾಗ, ಒಂದೇ ಕಡೆ ದನಿ ಇಳಿಯುವುದು, ಒಂದೇ ಕಡೆ ಏರುವುದು, ಶಾಲೆಯಲ್ಲಿ ಮಗ್ಗಿ ಹೇಳಿಸಿದ ಹಾಗೆ. ನಡುವೆ ರಂಜಿನಿಯ ದನಿ ಬಂತು. ಫೋನಿಗೆ ಹೇಳಿದ್ದಲ್ಲ, ಪಕ್ಕದವರಿಗೆ.

"ಗುರು, ಉಲ್ಲಾಳದ ಮುದುಕ ಗೊಟಕ್ ಅಂದ್ನೋ ಏನೋ, ಉಸಿರೇ ಇಲ್ಲ. ಅದೇ ಕಣೋ, ಅವರೆಕಾಳು ಸಾರು, ಮಂಡಿನೋವು. ಶೀಟ್ ನೋಡು, ಬರ್ದಿದೀನಿ."

ಮುನಿತಾಯಮ್ಮ ಕೆಂಪು ಗುಂಡಿ ಒತ್ತಿದಳು.

ಬೆಂಚಿನ ಮೇಲೆ ಮೂವರೂ ಕೂತಿದ್ದರು. ಗುರುದೇವಿಗೆ ಬೈಯಲು ಬಾಯಿಯ ತುದಿಗೆ ನಾಲ್ಕು ಮಾತು ಬಂದಿತ್ತು. ಮಾಲೀಕರ ಮುಖ ನೋಡಿ ನುಂಗಿಕೊಂಡಳು. ಕೆಂಪಯ್ಯ ಕೂಲಿಂಗ್ ಗ್ಲಾಸ್ ತೆಗೆದು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಮೂರೂವರೆ ಲಕ್ಷ ಹೋಯಿತು ಎಂಬುದು ಇನ್ನೂ ಅವನಿಗೆ ತಟ್ಟಿರಲಿಲ್ಲ. ಅವರೆಕಾಳನ್ನು ಯಾರೋ ಒಂದು ಶೀಟಿನಲ್ಲಿ ಬರೆದುಕೊಂಡಿದ್ದರು, ಅದು ತಟ್ಟಿತ್ತು.

"ಮಂಡಿನೋವು ಅವಳಿಗ್ಯಾಕೆ ಹೇಳಿದ್ರಿ?" ಎಂದಳು ಮುನಿತಾಯಮ್ಮ.

"ಕೇಳಿದ್ಲು" ಎಂದ ಕೆಂಪಯ್ಯ.

ಮುನಿತಾಯಮ್ಮ ಅದಕ್ಕೆ ಏನೂ ಅನ್ನಲಿಲ್ಲ. ಈ ಸಲದ ಮೌನ ಎಂದಿನದಾಗಿರಲಿಲ್ಲ. ಅದರೊಳಗೆ ಯಾರೋ ಎದ್ದು ಓಡಾಡುತ್ತಿದ್ದ ಹಾಗಿತ್ತು. ಅವಳು ಒಳಗೆ ಹೋಗಿ ಬೀರುವಿನಿಂದ ಚೆಕ್ ಪುಸ್ತಕ ತಂದು ಅವನ ತೊಡೆಯ ಮೇಲಿಟ್ಟಳು. ಅವನು ಬರೆದ. ಗುರುದೇವಿ ಚೆಕ್ಕನ್ನು ಎರಡು ಸಲ ಓದಿ ಕುಪ್ಪಸದೊಳಗಿನ ಪರ್ಸಿಗೆ ಸೇರಿಸಿದಳು.

"ಕೀಲಿ ಮಾತ್ರ ರೊಕ್ಕ ನನ್ನ ಖಾತೆಗೆ ಬಂದ ಮ್ಯಾಲೆ ರೀ" ಎಂದಳು.

"ಆಯ್ತಮ್ಮ."

"ಸಿಟ್ಟಾಗಬ್ಯಾಡ್ರಿ ಮಾಲಕ್ರ. ಈಗ ಹತ್ತೊಂಬತ್ತ ಮೂವತ್ತಕ್ಕ ಫೋನ್ ಹಚ್ರಿ. ಅದು ಪೊಲೀಸರ ಸೈಬರ್ ನಂಬರ್. ನನ್ನ ಖಾನಾವಳಿಗೆ ಬರೋ ಹುಡುಗ್ರು ಗ್ವಾಡಿ ಮ್ಯಾಲ ಬರದ ಹಚ್ಚ್ಯಾರ. ಹೋದ ತಕ್ಷಣ ಹೇಳಿದ್ರ ಒಂದೊಂದ ಸಲ ತಡೀತಾರಂತ. ನಿಮ್ದು ತಡಾ ಆಗೇತಿ, ಆದ್ರೂ ಹೇಳ್ರಿ. ಮುಂದಿನವರಿಗರ ಆಕ್ಕೈತಿ."

ಕೆಂಪಯ್ಯ ಫೋನು ಮಾಡಿದ. ಆ ಕಡೆಯ ಹೆಂಗಸು ಅವನು ಉಂಡನೋ ಇಲ್ಲವೋ ಎಂದು ಕೇಳಲಿಲ್ಲ. ಖಾತೆ ನಂಬರು, ತಾರೀಕು, ಮೊತ್ತ ಕೇಳಿದಳು. ಆ ಒರಟುತನ ಅವನಿಗೆ ಯಾಕೋ ಸಮಾಧಾನ ಕೊಟ್ಟಿತು. ಮೀನಿನ ಆಹಾರ ಎಂದಾಗ ಅವಳು ಒಂದು ಕ್ಷಣ ತಡೆದು, "ಇವತ್ತು ಇದೇ ಹೆಸರು ಹೇಳಿದೋರಲ್ಲಿ ನೀವು ನಾಲ್ಕನೆಯವರು ಸಾರ್" ಎಂದಳು.

ಭಾನುವಾರ ಬೆಳಗ್ಗೆ ಬುಲೆಟ್ಟಿನ ಸದ್ದು ಮಾಡುತ್ತ ಸೀನ ಬಂದ. ಗೇಟಿನಲ್ಲೇ, "ಏನ್ ಕೆಂಪಣ್ಣ, ಡೈಮಂಡಾ?" ಎಂದ.

ಕೆಂಪಯ್ಯನಿಗೆ ಕೂಗಾಡಬೇಕೆನಿಸಿತು. ಕಿಟಕಿಯಲ್ಲಿ ಹೆಂಡತಿ ಕಂಡಳು. ಬಾಯಿಗೆ ಬಂದದ್ದನ್ನು ಹಿಡಿದುಕೊಂಡು ರಸ್ತೆ ನೋಡಿದ.

"ಹಾಕ್ಲಿಲ್ವಾ?" ಎಂದ ಸೀನ. "ಯಾಕಣ್ಣ? ಒಳ್ಳೇ ಚಾನ್ಸು ಕಣಣ್ಣ. ನಾನೇನ್ ನಿಂಗ್ ಕೆಟ್ಟದ್ದು ಮಾಡ್ತೀನಾ?" ಕೆಂಪಯ್ಯ ರಸ್ತೆಯನ್ನೇ ನೋಡಿದ. ಸೀನ ಗಾಡಿಯ ಸ್ಟ್ಯಾಂಡನ್ನು ಕಾಲಿನಲ್ಲಿ ಒದ್ದ, ಮತ್ತೆ ಒದ್ದ. "ಎಂಟು ಹಾಕ್ಲಿಲ್ಲ ಅಂದ್ರೆ ಒಂದೆರಡಾದ್ರೂ ಹಾಕಣ್ಣ..." ಮಾತು ಅಲ್ಲಿಗೆ ಮುರಿಯಿತು. ಅವನು ಬಂದು ಬೆಂಚಿನ ತುದಿಯಲ್ಲಿ ಕೂತ. "ನಂದು ನಾಲ್ಕೂವರೆ ಲಕ್ಷ ಅದ್ರಲ್ಲೇ ಸಿಕ್ಕಾಕೊಂಡದೆ ಕೆಂಪಣ್ಣ. ಎರಡು ತಿಂಗ್ಳಾಯ್ತು. ಎಂಟು ಲಕ್ಷದ ಪಾರ್ಟಿ ಒಂದು ತಂದ್ರೆ ಬಿಡ್ತೀವಿ ಅಂದ್ರು. ಹೆಂಡ್ತೀಗೆ ಗೊತ್ತಿಲ್ಲ."

ಕೆಂಪಯ್ಯನ ಅಪ್ಪ ಇದ್ದಿದ್ದರೆ ಈ ಹೊತ್ತಿಗೆ ಒಳಗಿನಿಂದ ಕಾಫಿ ತರಿಸುತ್ತಿದ್ದ. ಕೆಂಪಯ್ಯ ಅಷ್ಟು ದೊಡ್ಡ ಮನುಷ್ಯನಲ್ಲ. "ಥೂ ನಿನ್ನ, ಜೊತೇಲಿ ಲಗೋರಿ ಆಡಿದೋನೇ ತಲೆ ಒಡೆಯೋಕೆ ಬಂದ್ಯಲ್ಲೋ" ಎಂದು ರಸ್ತೆಯವರು ತಿರುಗಿ ನೋಡುವ ಹಾಗೆ ಬೈದ. ಬೈದು ಮುಗಿದ ಮೇಲೆ ತನ್ನ ಫೋನಿನಲ್ಲೇ ಹತ್ತೊಂಬತ್ತು ಮೂವತ್ತು ಒತ್ತಿ ಅವನ ಕಿವಿಗೆ ಹಿಡಿದ.

ಸೋಮವಾರ ಹತ್ತೂ ಇಪ್ಪತ್ತಕ್ಕೆ ಬ್ಯಾಂಕಿನೆದುರು ಗುರುದೇವಿಯ ಫೋನು ಟಿಂಗ್ ಎಂದಿತು. ಎಂಟು ಲಕ್ಷ. ಸಾಮಾನನ್ನೆಲ್ಲ ಭಾನುವಾರವೇ ಖಾನಾವಳಿಗೆ ಸಾಗಿಸಿದ್ದ ಅವಳು ಸೊಂಟದಿಂದ ಕೀಲಿ ತೆಗೆದು ಕೆಂಪಯ್ಯನ ಅಂಗೈಯಲ್ಲಿಟ್ಟಳು. ಇಪ್ಪತ್ತು ವರ್ಷದ ಅಭ್ಯಾಸ ಅವನ ಬಾಯಿಂದ ತಾನಾಗಿಯೇ ಹೊರಬಂತು: "ಪೇಂಟಿಂಗ್ ಚಾರ್ಜು..."

ಗುರುದೇವಿ ಅವನನ್ನೇ ನೋಡಿದಳು. ಏನೂ ಅನ್ನಲಿಲ್ಲ. ಹೆಂಡತಿಯ ವಿದ್ಯೆ ಎರಡನೇ ಮಹಡಿಯವರೆಗೂ ಹತ್ತಿತ್ತು.

"ಏನಿಲ್ಲ ಬಿಡಮ್ಮ" ಎಂದ ಕೆಂಪಯ್ಯ. ಅವಳು ನಗುತ್ತ ಆಟೋ ಹತ್ತಿದಳು, ಮೋಮೋದವನಿಗಿಂತ ಮೊದಲು ನಾಗರಬಾವಿ ಮುಟ್ಟಬೇಕಿತ್ತು.

ಆ ಮಧ್ಯಾಹ್ನ ಒಂದೂವರೆಗೆ ಅವನು ಗೋಡೆಗೊರಗಿ ಕೂತಿದ್ದ. ಫೋನು ಎದುರಿಗಿತ್ತು. ಮುನಿತಾಯಮ್ಮ ತಟ್ಟೆ ತಂದಿಟ್ಟಳು, ಮುದ್ದೆ, ಅವರೆಕಾಳು ಸಾರು. ತಾನೂ ಒಂದು ತಟ್ಟೆ ಹಿಡಿದು ಎದುರಿಗೆ ಕೂತಳು. ಎಂದಿನಂತೆ ಅಡುಗೆಮನೆಯಲ್ಲಿ ಕೂರಲಿಲ್ಲ.

ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಕೆಂಪಯ್ಯ ಎಡಗೈಯಲ್ಲಿ ಸ್ಪೀಕರು ಒತ್ತಿ ತಟ್ಟೆಯ ಪಕ್ಕದಲ್ಲಿಟ್ಟ.

"ಕೆಂಪಯ್ಯ ಅವರಾ ಸಾರ್? ನಾನು ಸೈಬರ್ ಲಾಯರು. ಪರುಷ ಕಾಯಿನ್‌ನಲ್ಲಿ ಹೋಗಿರೋ ನಿಮ್ಮ ಮೂರೂವರೆ ಲಕ್ಷ ಪೂರ್ತಿ ವಾಪಸ್ ಕೊಡಿಸ್ತೀನಿ. ಫೀಸು ಮೊದ್ಲು ಹದಿನೈದು ಸಾವಿರ, ಅಷ್ಟೇ."

ಶೀಟು ಕೈಯಿಂದ ಕೈಗೆ ಹೋಗುತ್ತದೆ ಎಂದು ಕೆಂಪಯ್ಯನಿಗೆ ಅರ್ಥವಾಯಿತು. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದ. ಮುನಿತಾಯಮ್ಮನೂ ನುಂಗಿದಳು.

"ಹಲೋ? ಸಾರ್? ಸರಿ ಸಾರ್, ಹತ್ತು ಸಾವಿರ ಕೊಡಿ."

ಕೆಂಪಯ್ಯ ಸಾರನ್ನು ಸೊರ್ ಎಂದು ಹೀರಿದ.

ಆ ಕಡೆಯವನು ಸ್ವಲ್ಪ ಹೊತ್ತು ಕಿವಿಗೊಟ್ಟಿದ್ದು, ಅನುಮಾನದಿಂದ ಕೇಳಿದ: "ಸಾರ್, ಊಟ ಮಾಡ್ತಾ ಇದೀರಾ?"

ಮುನಿತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಒತ್ತಿ ಹಿಡಿದು, ಮೈಯೆಲ್ಲ ಕುಲುಕಿಸಿ ನಕ್ಕಳು. ಕೆಂಪಯ್ಯ ಆ ನಗು ಕಂಡು ಎಷ್ಟು ವರ್ಷವಾಗಿತ್ತೆಂದು ಲೆಕ್ಕ ಹಾಕಲು ಹೋದ, ಸಿಗಲಿಲ್ಲ. ಅಷ್ಟರಲ್ಲಿ ಅವಳು ಸೌಟು ತೆಗೆದುಕೊಂಡು, ಬೇಕಾ ಎಂದು ಕೇಳದೆ, ಅವನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.